ನಾನಾ ಗದ್ರೆ ಬದುಕಿದ್ದಾರೆ

ಸೆಪ್ಟೆಂಬರ್ 8, ಸೋಮವಾರ

ಬರೆಯಲು ಕೈ ತುರಿಸುತ್ತಿದೆ. ಇವತ್ತಿನಿಂದ ನಾನು ಅಂಗಡಿಯ ಒಡತಿ! ದೀಪಾವಳಿಯವರೆಗೆ ಮಾತ್ರ, ಆದರೂ ಒಡತಿಯೇ.

ಗಣಪತಿ ಹಬ್ಬಕ್ಕೆಂದು ಠಾಣೆ ಪಟ್ಟಣದಿಂದ ಬಂದಿದ್ದ ಶ್ರೀರಂಗ ಕಾಕಾ ವಿಸರ್ಜನೆಯಾದ ಮೇಲೂ ಹೊರಡುವ ಲಕ್ಷಣ ಕಾಣಲಿಲ್ಲ. ಬೆಳಿಗ್ಗೆ ಚಹಾದ ಹೊತ್ತಿಗೆ ವಿಷಯಕ್ಕೆ ಬಂದರು. ಅವರ ಅಣ್ಣ, ಅಂದರೆ ನನ್ನ ಮಾವ ನಾನಾ, ಮಂಡಿಯ ಶಸ್ತ್ರಚಿಕಿತ್ಸೆಯಾದಾಗಿನಿಂದ ಮೊದಲ ಮಹಡಿಯ ಮನೆಯಲ್ಲಿ ಹಿತ್ತಿಲ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡಿದ್ದಾರೆ. ಕೆಳಗಿನ ತಿಂಡಿ ಅಂಗಡಿಗೆ ಅವತ್ತಿನಿಂದಲೇ ಬೀಗ. ಜಾಗ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿದೆ. ಪುಣೆಯ ಸದಾಶಿವ ಪೇಟೆಯಲ್ಲಿ ಇಂಥ ಜಾಗವನ್ನು ಸುಮ್ಮನೆ ಮುಚ್ಚಿಡುವುದು ತಲೆ ಸರಿಯಿರುವವರು ಮಾಡುವ ಕೆಲಸವಲ್ಲ, ಮೊಬೈಲ್ ಕವರ್ ಮಾರುವ ಜಗತಾಪ ಎಂಬವನು ಬಾಡಿಗೆಗೆ ಕೇಳುತ್ತಿದ್ದಾನೆ ಎಂದರು. ನಾನಾ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಾ ಕೂತರು. ನನ್ನ ಗಂಡ ಸುಹಾಸ ಬ್ಯಾಂಕಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕತೊಡಗಿದ. ನನ್ನ ಬಾಯಿಂದ ಬಂದೇಬಿಟ್ಟಿತು.

"ಅಂಗಡಿ ನಾನು ನಡೆಸ್ತೀನಿ."

ಕಾಕಾ ಹೊಟ್ಟೆ ಕುಣಿಸಿ ನಕ್ಕರು. "ಅಂಗಡಿ ಅಂದ್ರೆ ಪತ್ತೇದಾರಿ ಕಾದಂಬರಿ ಓದಿದ ಹಾಗಲ್ಲ ವೃಷಾಲಿ. ಆಯ್ತು, ನಡೆಸು. ದೀಪಾವಳಿ ಪಾಡ್ಯದ ದಿನ ಜಗತಾಪನ್ನ ಕರ್ಕೊಂಡೇ ಬರ್ತೀನಿ. ಕಪಾಟಲ್ಲಿ ಹಬ್ಬದ ಮಾಲು ಒಂದು ಚಕ್ಕುಲಿ ಉಳಿದಿದ್ರೂ ಬೀಗದ ಕೈ ಅವನಿಗೆ."

ನಾನಾ ಬಸಿ ಕೆಳಗಿಟ್ಟು "ಆಗಲಿ" ಎಂದರು. ತಮ್ಮನಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ. ನನಗೇ ಎಂದುಕೊಂಡಿದ್ದೇನೆ.

ಸೆಪ್ಟೆಂಬರ್ 9, ಮಂಗಳವಾರ

ನಾನು ಬದುಕಿನಲ್ಲಿ ಕಲಿತದ್ದೆಲ್ಲ ಪುಸ್ತಕದಿಂದ. ಈಜು ಕೂಡ. ನೀರಿಗೆ ಇಳಿದ ಮೇಲೆ ಸುಹಾಸ ಜಡೆ ಹಿಡಿದು ಎಳೆದು ಹಾಕಬೇಕಾಯಿತು, ಆ ಮಾತು ಬೇರೆ.

ಹಾಗಾಗಿ ಬೆಳಿಗ್ಗೆಯೇ ಮೂಲೆಯ ವಾಚನಾಲಯಕ್ಕೆ ಓಡಿದೆ. ಅಲ್ಲಿನ ಖಾಂಬೇಟೆ ಬಾಯಿ ಕೇಳಿದ ಪುಸ್ತಕವನ್ನು ಕೇಳಿದ ತಕ್ಷಣ ಕೊಡುವ ಪೈಕಿಯಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ ವಿಚಾರಣೆ ನಡೆಸಿದರು. ಏನು ಮಾರುತ್ತೀರಿ? ಚಕ್ಕುಲಿ, ಚೂಡಾ, ಉಂಡೆ, ಅನ್ನಕ್ಕೆ ಕಲಸುವ ಮೇತ್ಕೂಟ್ ಪುಡಿ. ಯಾರಿಗೆ? ಪೇಟೆಯವರಿಗೆ.

"ಇಷ್ಟೊಂದು ಅಂಗಡಿ ಇರೋವಾಗ ಅವರು ನಿಮ್ಮ ಹತ್ರಾನೇ ಯಾಕೆ ಬರ್ಬೇಕು?"

ಈ ಮೂರನೇ ಪ್ರಶ್ನೆಗೆ ನಾನು ತಬ್ಬಿಬ್ಬಾದೆ. ಅದನ್ನು ತಿಳಿಯಲೆಂದೇ ಪುಸ್ತಕ ಬೇಕು ಎಂದೆ. ಸಣ್ಣ ವ್ಯಾಪಾರ ಬೆಳೆಸುವವರು ಓದಲೇಬೇಕಾದವು ಎಂದು ಅವರೇ ಆರಿಸಿಟ್ಟ ಒಂದು ಕಪಾಟೇ ಇದೆ! ನಾಲ್ಕು ಕೊಟ್ಟರು. ಗಿರಾಕಿಯ ಮನ ಗೆಲ್ಲುವುದು ಹೇಗೆಂದು ಒಂದು. ಅಡುಗೆಮನೆಯಲ್ಲಿ ಬಿಸ್ಕತ್ತು ಸುಟ್ಟು ಸುಟ್ಟು ಕಾರ್ಖಾನೆ ಕಟ್ಟಿದ ಅಮೆರಿಕದ ಹೆಂಗಸಿನ ಕಥೆ ಒಂದು. ಅಂಗಡಿ ಜೋಡಿಸುವ ಬಗ್ಗೆ ಒಬ್ಬ ಜಪಾನೀಯ ಬರೆದದ್ದು. ನಾಲ್ಕನೆಯದು ಬೆಲೆ ಕಟ್ಟುವುದರ ಬಗ್ಗೆ, ದಪ್ಪನೆಯದು. ಎಲ್ಲವನ್ನೂ ಒಟ್ಟಿಗೇ ಮಾಡಲು ಹೋಗಬೇಡಿ ಎಂದು ಎಚ್ಚರಿಸಿದರು. ಆಗಲಿ ಎಂದೆ. ಚೀಲ ಎದೆಗವಚಿಕೊಂಡು ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಪಿತೃಪಕ್ಷ. ಹೊಸದೇನನ್ನೂ ಶುರು ಮಾಡುವಂತಿಲ್ಲ. ಓದಲು ಹೇಳಿ ಮಾಡಿಸಿದ ಕಾಲ. ಒಗ್ಗರಣೆ ಸೀದು ಹೋಗುವಷ್ಟು ಓದುತ್ತಿದ್ದೇನೆ.

ಎಂಥ ಪುಸ್ತಕ ಅದು, ಗಿರಾಕಿಯದು! ಗಿರಾಕಿ ಮನೆಗೆ ಬಂದ ಅತಿಥಿ, ಮೊದಲು ನಿಮ್ಮ ನಗು ಮಾರಿ, ಆಮೇಲೆ ಸಾಮಾನು ಎನ್ನುತ್ತದೆ. ಬಾಗಿಲು ಸದಾ ತೆರೆದಿರಲಿ, ಬೇಡ ಎನ್ನುವ ಪದ ಅಂಗಡಿಯಲ್ಲಿ ಎಲ್ಲೂ ಕಾಣಿಸದಿರಲಿ ಎನ್ನುತ್ತದೆ. ಓದಿ ನನ್ನ ಕಿವಿ ಬಿಸಿಯಾಯಿತು. ಯಾಕೆಂದರೆ ನಮ್ಮ ಅಂಗಡಿಯಲ್ಲಿ ಬೇಡ ಎನ್ನುವುದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾನಾ ತಮ್ಮ ಕೈಯಾರೆ ಬಣ್ಣದಲ್ಲಿ ಬರೆದು ತೂಗುಹಾಕಿದ ಫಲಕಗಳು ಗೋಡೆ ತುಂಬ:

"ಕೇಳುವ ಮೊದಲು ಓದಿ. ಓದಲು ಬಾರದವರು ಮಾತ್ರ ಕೇಳಬಹುದು."

"ಚಕ್ಕುಲಿ ಗರಿಗರಿ ಇದೆಯೇ ಎಂದು ವಿಚಾರಿಸಬೇಡಿ. ಮೆತ್ತಗಿದ್ದರೆ ಅದು ಇಲ್ಲಿ ಇರುತ್ತಿರಲಿಲ್ಲ."

"ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ. ಬಾಗಿಲು ಬಡಿದರೂ ಮುಚ್ಚಿಯೇ ಇರುತ್ತದೆ."

ಇಂಥ ಫಲಕಗಳಿಗೇ ಹೆಸರಾದ ಈ ಊರಿನಲ್ಲಿ ಹುಟ್ಟಿದ ನನಗೆ ಇವು ಇಷ್ಟು ದಿನ ವಿಚಿತ್ರವೆನಿಸಿರಲೇ ಇಲ್ಲ. ಈಗ ನೋಡಿದರೆ ಮೈ ಜುಮ್ಮೆನ್ನುತ್ತದೆ. ಇಷ್ಟು ಬೈಸಿಕೊಂಡೂ ಜನ ಅರವತ್ತು ವರ್ಷ ಹೇಗೆ ಬಂದರೋ.

ಸೆಪ್ಟೆಂಬರ್ 22, ಸೋಮವಾರ

ನವರಾತ್ರಿಯ ಘಟಸ್ಥಾಪನೆ. ಅಂಗಡಿ ತೆರೆದೆ!

ಫಲಕಗಳನ್ನೆಲ್ಲ ಇಳಿಸಿ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಅವುಗಳ ಜಾಗದಲ್ಲಿ ಗುಲಾಬಿ ಅಕ್ಷರದ ಹೊಸ ಫಲಕಗಳು. "ಬನ್ನಿ, ನಿಮ್ಮದೇ ದಾರಿ ಕಾಯುತ್ತಿದ್ದೇವೆ." "ನಿಮ್ಮ ನಗುವೇ ನಮ್ಮ ಲಾಭ." ಜಪಾನೀಯನ ಮಾತಿನಂತೆ ಕಪಾಟುಗಳ ಜಾಗ ಬದಲಿಸಿದೆ. ರುಚಿ ನೋಡಲು ತಟ್ಟೆಯಲ್ಲಿ ಚೂರು ಚೂರು ತಿಂಡಿ ಇಟ್ಟೆ. ಒಂದು ಸಲಹೆ ಪೆಟ್ಟಿಗೆ ಇಟ್ಟೆ. ಅಮೆರಿಕದ ಹೆಂಗಸು ಎಳೆಯರಿಗಾಗಿ ಹೊಸದೊಂದು ಇರಲೇಬೇಕು ಎಂದಿದ್ದಾಳಲ್ಲ, ಅದಕ್ಕೆ ಚೀಸ್ ಚಕ್ಕುಲಿ! ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕರಿಯುವ ಹೌಸಾಬಾಯಿ ಆ ಹಿಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದಕ್ಕೇನಾದರೂ ರೋಗವೇ ಎಂದು ಕೇಳಿದಳು. ಹಬ್ಬದವರೆಗೆ ಸಾಲುವಷ್ಟು ಡಬ್ಬ ತುಂಬಿಸಿದ್ದೇನೆ.

ಎಲ್ಲಕ್ಕಿಂತ ದೊಡ್ಡದು, ಇನ್ನು ಮೇಲೆ ಮಧ್ಯಾಹ್ನವೂ ಅಂಗಡಿ ತೆರೆದಿರುತ್ತದೆ. ಇಡೀ ಬೀದಿಯಲ್ಲಿ ನಮ್ಮದೊಂದೇ. ಗೆಲ್ಲದೆ ಹೋಗುವುದು ಹೇಗೆ?

ಸೆಪ್ಟೆಂಬರ್ 24, ಬುಧವಾರ

ಏನು ಹೇಳಲಿ. ನಗಬೇಕೋ ಅಳಬೇಕೋ.

ಎರಡು ಗಂಟೆಯ ಹೊತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನಾನು ಆಕಳಿಸುತ್ತಾ, ಆಕಳಿಕೆಯ ನಡುವೆ ಪುಸ್ತಕ ಹೇಳಿದ ನಗು ಅಭ್ಯಾಸ ಮಾಡುತ್ತಾ ಕೂತಿದ್ದೆ. ಎದುರು ಕಟ್ಟಡದ ಫಾಟಕ ಆಜೋಬಾ ಕಿಟಕಿಯಿಂದ ಇಣುಕಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಿಳಿ ಅಂಗಿ ತೊಟ್ಟು ರಸ್ತೆ ದಾಟಿ ಬಂದರು. ಹಿಂದೆ ಇನ್ನಿಬ್ಬರು ಮುದುಕರು. ನಾನು ಬಾಯ್ತುಂಬ ನಕ್ಕು ಬನ್ನಿ ಬನ್ನಿ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು ಮೇಲೆ ಹತ್ತಿದರು.

ಮೇಲೆ ನಾನಾ ಪತ್ರಿಕೆಯ ಪದಬಂಧ ಬಿಡಿಸುತ್ತಾ ಅವಲಕ್ಕಿ ತಿನ್ನುತ್ತಿದ್ದರು.

ಗದ್ರೆ ಅಂಗಡಿ ಮಧ್ಯಾಹ್ನ ತೆರೆದಿದೆ, ಫಲಕಗಳು ಗೋಡೆಯ ಮೇಲಿಲ್ಲ, ಅಂದ ಮೇಲೆ ನಾನಾ ಹೋದರು ಎಂದು ಬೀದಿಗೆ ಬೀದಿಯೇ ತೀರ್ಮಾನಿಸಿಬಿಟ್ಟಿದೆ. ಸೊಸೆ ದುಃಖದಲ್ಲಿ ತಲೆ ಕೆಟ್ಟು ನಗುತ್ತಿದ್ದಾಳೆ ಎಂದೂ ಸೇರಿಸಿಕೊಂಡಿದ್ದಾರೆ. ಆಜೋಬಾ ನಾನಾರನ್ನು ಜೀವಂತ ನೋಡಿ ಸಂತೋಷಪಡುವ ಬದಲು, ಬಿಸಿಲಲ್ಲಿ ನಮ್ಮನ್ನು ಸುಮ್ಮನೆ ಓಡಾಡಿಸಿದಿರಲ್ಲ ಎಂದು ನನ್ನನ್ನೇ ಗದರಿದರು.

ಅವರು ಹೋದ ಮೇಲೆ ನಾನಾ ಕೇಳಿದರು, "ಸೂನಬಾಯಿ, ಫಲಕ ಎಲ್ಲಿವೆ?" ಸೊಸೆಯನ್ನು ಅವರು ಕರೆಯುವುದೇ ಹಾಗೆ. ಅಟ್ಟದಲ್ಲಿವೆ ಎಂದೆ. ಪುಸ್ತಕದ ಮೂರನೇ ಅಧ್ಯಾಯವನ್ನೂ ವಿವರಿಸಿದೆ. ಹೂಂ ಎಂದರು. ಅವಲಕ್ಕಿ ಅರ್ಧಕ್ಕೇ ಬಿಟ್ಟರು. ಮಂಡಿ ನೋವಿರಬೇಕು.

ಸೆಪ್ಟೆಂಬರ್ 30, ಮಂಗಳವಾರ

ವ್ಯಾಪಾರ ಇಲ್ಲ.

ಸಲಹೆ ಪೆಟ್ಟಿಗೆ ತೆರೆದೆ. ಹೆಚ್ಚಿನವರು ನನ್ನ ಗುಲಾಬಿ ಫಲಕಗಳ ಭಾಷೆ ತಿದ್ದಿದ್ದಾರೆ. ಒಬ್ಬರು, ದಾರಿ ಕಾಯುವಷ್ಟು ಪರಿಸ್ಥಿತಿ ಕೆಟ್ಟಿದೆಯೇ ಎಂದು ಬರೆದಿದ್ದಾರೆ. ತಟ್ಟೆಯ ಚೂರುಗಳು ಮಾತ್ರ ಚೆನ್ನಾಗಿ ಖರ್ಚಾಗುತ್ತಿವೆ. ಅದನ್ನೂ ತಿಂದು ಅನುಮಾನಪಡುತ್ತಾರೆ. ಪುಕ್ಕಟೆ ಕೊಡುತ್ತಿದ್ದಾರೆಂದರೆ ಮಾಲು ಹಳೆಯದಿರಬೇಕು ಎಂದು ನಡುವಯಸ್ಸಿನ ಹೆಂಗಸು, ಒಬ್ಬ ಕಾಕು, ನನ್ನೆದುರೇ ಇನ್ನೊಬ್ಬರಿಗೆ ಹೇಳಿದರು, ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡೇ.

ವರ್ಷವರ್ಷವೂ ನವರಾತ್ರಿಯಲ್ಲೇ ದೀಪಾವಳಿಯ ತಿಂಡಿಗೆ ಹೇಳಿ ಹೋಗುವ ಮನೆಗಳು ಈ ಸಲ ಒಂದೂ ಬಂದಿಲ್ಲ. ಚೀಸ್ ಚಕ್ಕುಲಿಯನ್ನು ಎಳೆಯರೂ ಮುಟ್ಟಲಿಲ್ಲ. ನಾನಾ ಪದಬಂಧ ಬಿಟ್ಟಿದ್ದಾರೆ. ಇವತ್ತು ಕಾಕಾ ಫೋನ್ ಮಾಡಿ ಏನೂ ಕೇಳದೆ ಬರೀ ನಕ್ಕರು. ಹೊಟ್ಟೆ ಉರಿದುಹೋಯಿತು.

ಅಕ್ಟೋಬರ್ 4, ಶನಿವಾರ

ತಪ್ಪು ಮಾಡಿಬಿಟ್ಟೆ. ಆದರೆ ಬರೆಯುವಾಗ ನಗು ತಡೆಯಲಾಗುತ್ತಿಲ್ಲ.

ನಾನಾರ ಸಾವಿನ ಸುದ್ದಿ ಇಷ್ಟು ಹೊತ್ತಿಗೆ ಸಾತಾರಾ ಮುಟ್ಟಿದೆ. ದಸರೆಗೆ ಯಾರೋ ಹಾರವನ್ನೇ ತಂದಿದ್ದರು. ಇವತ್ತು ಬೆಳಿಗ್ಗೆಯಿಂದ ಬಂದವರೆಲ್ಲ ಅದನ್ನೇ ಕೇಳಿದರು, ಕೊಂಡವರು ಯಾರೂ ಇಲ್ಲ. ಒಂದು ಗಂಟೆ ಹತ್ತಿರ. ಹೊಟ್ಟೆ ತಾಳ ಹಾಕುತ್ತಿತ್ತು. ಟೋಪಿ ಹಾಕಿದ ಒಬ್ಬರು ತಟ್ಟೆಯ ಮೂರನೇ ಚೂರನ್ನು ಬಾಯಿಗೆ ಹಾಕಿಕೊಂಡು ಕೇಳಿದರು, "ನಾನಾ ಹೋಗಿದ್ದು ಯಾವತ್ತು?"

ನನಗೆ ಏನಾಯಿತೋ.

"ಹೋಗಿಲ್ಲ. ಮೊದಲನೇ ಮಹಡೀಲಿ ತಿಂಡಿ ತಿಂತಾ ಇದ್ದಾರೆ. ನೀವು ಇಲ್ಲಿ ನಮ್ಮದನ್ನ ತಿಂತಾ ಇದ್ದೀರಿ. ಏನು ಬೇಕು ಹೇಳಿ, ಇಲ್ಲಾ ದಾರಿ ಬಿಡಿ, ಒಂದು ಗಂಟೆ ಆಯ್ತು."

ಹೇಳಿದ ಮರುಗಳಿಗೆ ನಾಲಿಗೆ ಕಚ್ಚಿಕೊಂಡೆ. ಆದರೆ ಆ ಮನುಷ್ಯನ ಮುಖ ಅರಳಿತು. ಕಳೆದುಹೋದ ಕೊಡೆ ಸಿಕ್ಕಿದವರ ಹಾಗೆ. "ಈಗ ಗದ್ರೆ ಅಂಗಡಿ ಅನ್ನಿಸ್ತು ನೋಡಿ" ಎಂದು, ಚೂಡಾ, ಉಂಡೆ, ಮೇತ್ಕೂಟ್ ಎಲ್ಲ ಕಟ್ಟಿಸಿಕೊಂಡು, ದೀಪಾವಳಿಯ ತಿಂಡಿಗೂ ಹೇಳಿ ಹೋದರು!

ಬಾಗಿಲು ಎಳೆದೆ. ಇವತ್ತೊಂದು ದಿನ ಮಧ್ಯಾಹ್ನ ಮುಚ್ಚಿದರೆ ಆಕಾಶವೇನೂ ಬೀಳದು. ಸಿಟ್ಟಿನ್ನೂ ಇಳಿದಿರಲಿಲ್ಲ. ನಾನಾರ ಬಣ್ಣದ ಡಬ್ಬ ಹುಡುಕಿ, "ನಿಮ್ಮ ನಗುವೇ ನಮ್ಮ ಲಾಭ" ಫಲಕದ ಬೆನ್ನಿಗೆ ಬರೆದು ಬಾಗಿಲಿಗೇ ತೂಗುಹಾಕಿದೆ:

"ನಾನಾ ಗದ್ರೆ ಬದುಕಿದ್ದಾರೆ. ವಿಚಾರಿಸಲು ಬಂದವರು ಬರಿಗೈಯಲ್ಲಿ ಹೋಗಬಾರದು."

ಪುಸ್ತಕದ ಪ್ರಕಾರ ಇದು ಘೋರ ಅಪರಾಧ. ಸೋಮವಾರ ತೆಗೆದುಬಿಡುತ್ತೇನೆ.

ಅಕ್ಟೋಬರ್ 6, ಸೋಮವಾರ

ತೆಗೆಯಲಾಗಲಿಲ್ಲ. ಅದರ ಮುಂದೆ ಜನ ನಿಂತಿದ್ದರು!

ಯಾರೋ ಅದರ ಚಿತ್ರ ತೆಗೆದು ಕಳಿಸಿದ್ದಾರೆ. ಅದು ಇಡೀ ಪುಣೆಯ ಫೋನುಗಳಲ್ಲಿ ಓಡಾಡುತ್ತಿದೆ. ಕೋಥ್ರೂಡಿನಿಂದ, ಹಡಪ್ಸರದಿಂದ ಬಂದು ಓದಿ, ನಕ್ಕು, ಬರಿಗೈಯಲ್ಲಿ ಹೋಗಬಾರದಲ್ಲ ಎಂದು ಕೊಂಡು ಹೋಗುತ್ತಿದ್ದಾರೆ. ಬರೀ ಚಿತ್ರಕ್ಕೆ ಬಂದವರಿಗಾಗಿ ಮಧ್ಯಾಹ್ನದೊಳಗೆ ಇನ್ನೊಂದು ಬರೆದೆ: "ಫಲಕ ಪುಕ್ಕಟೆ. ಅದರ ಮುಂದೆ ನಿಲ್ಲುವ ಜಾಗ ಪುಕ್ಕಟೆಯಲ್ಲ. ಏನಾದರೂ ಕೊಳ್ಳಿ." ಆಮೇಲೆ ಸಲಹೆ ಪೆಟ್ಟಿಗೆಗೆ: "ಪೆಟ್ಟಿಗೆ ತುಂಬಿದೆ. ಉಳಿದ ಬುದ್ಧಿಯನ್ನು ಮನೆಯಲ್ಲೇ ಬಳಸಿ."

ಸಂಜೆ ಮೇಲೆ ಹೋದಾಗ ನಾನಾ, ಕೆಳಗೆ ಏನು ಗದ್ದಲ, ಯಾಕೆ ನಗುತ್ತಿದ್ದಾರೆ ಎಂದು ವಿಚಾರಿಸಿದರು. ಹೆದರುತ್ತಾ ಮೂರನ್ನೂ ಹೇಳಿದೆ. ಮೊದಲನೆಯದಕ್ಕೆ ಹುಬ್ಬು ಏರಿತು. ಎರಡನೆಯದಕ್ಕೆ ಮೀಸೆ ಅಲುಗಿತು. ಪೆಟ್ಟಿಗೆಯದಕ್ಕೆ ಕೆಮ್ಮು ಬರುವಷ್ಟು ನಕ್ಕರು. ನೀರು ಕುಡಿದು, "ಅಟ್ಟದಿಂದ ನನ್ನವನ್ನ ಇಳಿಸು" ಎಂದರು. ಗೋಣಿ ಬಿಚ್ಚಿ ಒಂದೊಂದನ್ನೇ ಪಂಚೆಯ ಅಂಚಿನಲ್ಲಿ ಒರೆಸಿಕೊಟ್ಟರು. ಗುಲಾಬಿ ಫಲಕಗಳನ್ನು ಇಳಿಸಿ, ಎಲ್ಲವನ್ನೂ ಹಳೆಯ ಜಾಗಕ್ಕೇ ತೂಗುಹಾಕಿದೆ, ಒಂದರಿಂದ ನಾಲ್ಕರದ್ದನ್ನೂ. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡರು. ಮಂಡಿ ವಾಸಿಯಾಗುತ್ತಿರಬೇಕು.

ಅಕ್ಟೋಬರ್ 14, ಮಂಗಳವಾರ

ಬರೆಯಲು ಪುರುಸೊತ್ತಿಲ್ಲ. ಹೌಸಾಬಾಯಿ ತನ್ನ ನಾದಿನಿಯನ್ನೂ ಕರೆತಂದಿದ್ದಾಳೆ. ಬಾಣಲೆ ಆರುವುದೇ ಇಲ್ಲ. ಹಳೆಯ ಮನೆಗಳೆಲ್ಲ ತಿಂಡಿಗೆ ಹೇಳಿ ಹೋದವು.

ಖಾಂಬೇಟೆ ಬಾಯಿ ಬಂದಿದ್ದರು. ಪುಸ್ತಕ ಹಿಂದಿರುಗಿಸುವ ದಿನ ಕಳೆದು ಎಷ್ಟೋ ಕಾಲವಾಯಿತಂತೆ. ಗೋಡೆಯ ಫಲಕಗಳನ್ನೆಲ್ಲ ಕನ್ನಡಕ ಇಳಿಸಿ ಏರಿಸಿ ಓದಿದರು. ಆಮೇಲೆ, ತಮ್ಮ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದರು. ಯಾವ ಪ್ರಶ್ನೆಯೋ ನೆನಪಾಗಲಿಲ್ಲ. ಪುಸ್ತಕ ಮೇಲಿದೆ, ನಾಲ್ಕರ ನಂತರ ಬನ್ನಿ, ಈಗ ಸಾಲು ಅಡ್ಡಗಟ್ಟಬೇಡಿ ಎಂದೆ. ಅವರು ಯಾಕೆ ಅಷ್ಟು ನಕ್ಕರೋ.

ಅಕ್ಟೋಬರ್ 20, ಸೋಮವಾರ

ನರಕ ಚತುರ್ದಶಿ. ನಸುಕಿನ ಎಣ್ಣೆಸ್ನಾನ ಮುಗಿಸಿ ಅಂಗಡಿಗಿಳಿದವಳು ಕಪಾಟು ನೋಡಿ ಕೂತುಬಿಟ್ಟೆ. ಎಲ್ಲ ಖಾಲಿ, ಚೀಸ್ ಚಕ್ಕುಲಿಯ ಡಬ್ಬಗಳ ಹೊರತು. ಹಾಳಾಗಿಲ್ಲ, ಗರಿಗರಿಯೇ ಇದೆ. ಆದರೆ ಯಾರಿಗೂ ಬೇಡ. ಒಂದು ಚಕ್ಕುಲಿ ಉಳಿದರೂ ಎಂದಿದ್ದಾರೆ ಕಾಕಾ. ನನ್ನದೊಂದು ಹುಚ್ಚಿಗೆ ಅರವತ್ತು ವರ್ಷದ ಅಂಗಡಿ ಹೋಗುತ್ತದಲ್ಲ ಎಂದು ಕಣ್ಣು ತುಂಬಿತು.

ನಾವೇ ಹಂಚಿಬಿಡೋಣ ಎಂದ ಸುಹಾಸ. ಮೇಲಿನಿಂದ ನಾನಾ ಕೂಗಿ ಹೇಳಿದರು, "ಹಂಚೋದು ಬೇಡ. ಇದ್ದದ್ದನ್ನ ಇದ್ದ ಹಾಗೆ ಬರಿ."

ಬರೆದೆ: "ಚೀಸ್ ಚಕ್ಕುಲಿ. ಇದು ನಮ್ಮ ತಪ್ಪು. ನಮ್ಮಲ್ಲಿ ತಪ್ಪು ಅಪರೂಪ. ಮತ್ತೆ ಸಿಗುವುದಿಲ್ಲ."

ಒಂದು ಗಂಟೆಯೊಳಗೆ ಡಬ್ಬಗಳು ಬರಿದಾದವು! ಫಾಟಕ ಆಜೋಬಾ ಎರಡು ಪೊಟ್ಟಣ ಒಯ್ದರು. ಗದ್ರೆಯವರು ತಪ್ಪೊಪ್ಪಿಕೊಂಡದ್ದಕ್ಕೆ ಸಾಕ್ಷಿಯಾಗಿ ಮನೆಯಲ್ಲಿರಲಿ ಎಂದರು.

ಅಕ್ಟೋಬರ್ 22, ಬುಧವಾರ, ಪಾಡ್ಯ

ಇವತ್ತಿನದನ್ನು ಬರೆಯದೆ ಮಲಗುವುದಿಲ್ಲ.

ಊಟ ಮುಗಿಸಿ ಮೇಲೆ ಅಡ್ಡಾಗಿದ್ದೆ. ಒಂದೂವರೆಗೆ ಕೆಳಗೆ ಬಾಗಿಲು ಬಡಿದ ಸದ್ದು. ಯಾರಿಗಪ್ಪಾ ಇಷ್ಟೂ ಬುದ್ಧಿಯಿಲ್ಲ ಎಂದುಕೊಂಡೆ. ಸುಹಾಸ ಕಿಟಕಿಯಿಂದ ನೋಡಿ ಗಾಬರಿಯಾಗಿ ಕಾಕಾ ಬಂದಿದ್ದಾರೆ, ಜಗತಾಪನೂ ಇದ್ದಾನೆ ಎಂದ. ನಾನು ಎದ್ದು ಕಿಟಕಿಗೆ ಹೋದೆ. ಕಾಕಾ ತಲೆ ಎತ್ತಿ, ಬಾಗಿಲು ತೆಗಿ ಎಂದು ಕೈಸನ್ನೆ ಮಾಡಿದರು.

"ಕಾಕಾ, ಬಾಗಿಲ ಮೇಲೆ ಬರೆದಿದೆ. ಮನೆಗಾದ್ರೆ ಮೇಲೆ ಬನ್ನಿ, ಊಟ ಇದೆ. ಅಂಗಡಿಗಾದ್ರೆ ನಾಲ್ಕಕ್ಕೆ."

ಕಾಕಾ ಗೊಣಗುತ್ತಾ ಮೇಲೆ ಬಂದು ಊಟ ಮಾಡಿ ಅಲ್ಲೇ ಗೊರಕೆ ಹೊಡೆದರು. ಜಗತಾಪ ಮಾತ್ರ ಕೆಳಗೇ ಉಳಿದ. ತನ್ನದಾಗಲಿರುವ ಜಾಗವನ್ನು ಚೆನ್ನಾಗಿ ನೋಡಿಕೊಳ್ಳಬೇಕಿತ್ತಂತೆ.

ನಾಲ್ಕಕ್ಕೆ ಬಾಗಿಲು ತೆಗೆದೆ. ಹಬ್ಬದ ಕಪಾಟು ಒರೆಸಿಟ್ಟ ಹಾಗೆ ಖಾಲಿ. ಕಾಕಾ ಮೂಲೆ ಮೂಲೆಗೂ ಕಣ್ಣು ಹಾಯಿಸಿದರು, ಡಬ್ಬಗಳ ಮುಚ್ಚಳ ಎತ್ತಿ ನೋಡಿದರು. ಆದರೂ ಒಂದು ವರ್ಷದ ಮಾತಾಯಿತು, ಮುಂದೆ ಹೇಗೆ, ಬಾಡಿಗೆಯೇ ಗಟ್ಟಿ ಎಂದು ರಾಗ ತೆಗೆದರು. ಅಷ್ಟರಲ್ಲಿ ಜಗತಾಪನೇ ಬಾಯಿ ಹಾಕಿದ.

"ನನಗೆ ಈ ಜಾಗ ಬೇಡ ಕಾಕಾ. ಎರಡೂವರೆ ಗಂಟೆ ಹೊರಗೆ ನಿಂತಿದ್ದೆ. ಬಂದವರೆಲ್ಲ ಗದ್ರೆ ಅಂಗಡಿ ಯಾವಾಗ ತೆರೆಯುತ್ತೆ ಅಂತ ನನ್ನೇ ಕೇಳಿದ್ರು. ಕೊನೆಕೊನೆಗೆ ನಾನೂ ಓದಲು ಬರಲ್ವಾ ಅಂತ ಬೈಯೋಕೆ ಶುರು ಮಾಡಿದ್ದೆ. ನಾನಿಲ್ಲಿ ಕವರ್ ಮಾರಿದ್ರೂ ಜನ ಸಾಯೋವರೆಗೂ ಚಕ್ಕುಲಿ ಕೇಳ್ತಾರೆ."

ಆಮೇಲೆ ನನ್ನ ಕಡೆ ತಿರುಗಿ, ತನ್ನ ಅಂಗಡಿಯೂ ಹೀಗೆ ಬೆಳೆಯಬೇಕು, ಏನು ಓದಿದಿರಿ ಹೇಳಿ ತಾಯಿ ಎಂದ. ಹಿಂದಿರುಗಿಸಲೆಂದು ಕೆಳಗೆ ತಂದು ಮರೆತಿದ್ದ ಖಾಂಬೇಟೆ ಬಾಯಿಯ ನಾಲ್ಕು ಪುಸ್ತಕ ಗಲ್ಲಾಪೆಟ್ಟಿಗೆಯ ಕೆಳಗೇ ಇದ್ದವು. ತೆಗೆದು ಅವನ ಕೈಗಿಟ್ಟು, ಚೆನ್ನಾಗಿವೆ, ಓದಿ ವಾಚನಾಲಯಕ್ಕೆ ಕೊಟ್ಟುಬಿಡಿ ಎಂದೆ. ದಪ್ಪನೆಯದರಲ್ಲಿ ನಾನು ಮೊದಲ ಹಾಳೆ ದಾಟಿರಲಿಲ್ಲ ಎಂಬುದು ಆಗಲೇ ನೆನಪಾದದ್ದು.

ಆ ಹೊತ್ತಿಗೆ ಮೆಟ್ಟಿಲ ಮೇಲೆ ಕೋಲಿನ ಸದ್ದು. ನಾನಾ! ಒಂದು ಕೈ ಸುಹಾಸನ ಹೆಗಲ ಮೇಲೆ, ಮೈಮೇಲೆ ಪಾಡ್ಯದ ಹೊಸ ಅಂಗಿ. ಒಂದೊಂದೇ ಮೆಟ್ಟಿಲು ಇಳಿದು ಬಂದು, ತಮ್ಮನನ್ನು ಸರಿಸಿ, ತಮ್ಮ ಹಳೆಯ ಕುರ್ಚಿಯಲ್ಲಿ ಕೂತರು. ಬೀಗದ ಕೈ ಎಂದು ಕಾಕಾ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಸಾಲು ಕಟ್ಟಿತ್ತು. ಸಿಹಿ ತಿಂದು ಬೇಸತ್ತವರಿಗಾಗಿ ಖಾರದ ಥಾಲಿಪೀಠ ರೊಟ್ಟಿಯ ಹಿಟ್ಟು ಆಗ ತಾನೇ ಗಿರಣಿಯಿಂದ ಬಂದಿತ್ತು. ಮುಂದಿದ್ದ ಕಾಕು ನಾನಾರನ್ನು ನೋಡಿ ಬಾಯಿ ಬಿಟ್ಟುಕೊಂಡು, ಅಯ್ಯೋ ನಾನಾ, ಹುಷಾರಾಗಿದ್ದೀರಾ ಎಂದು ಕೇಳಿದರು.

ನಾನಾ ಕೋಲನ್ನು ಎತ್ತಿ, ತಾವು ಬರೆದ ಅಷ್ಟೂ ಫಲಕಗಳನ್ನು ದಾಟಿಸಿ, ನಾನು ಬರೆದದ್ದರ ಕಡೆ ತೋರಿಸಿದರು. ನಾನಾ ಗದ್ರೆ ಬದುಕಿದ್ದಾರೆ.

ನನ್ನ ಕಣ್ಣಲ್ಲಿ ದಳದಳ ನೀರು. ತಕ್ಕಡಿಯ ಮುಳ್ಳು ಕಾಣಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಕಾಕುವಿಗೆ ಹೇಳಿದೆ, "ನೋಡ್ತಾ ನಿಲ್ಬೇಡಿ. ಕಾಲು ಕಿಲೋನಾ, ಅರ್ಧನಾ?"

ಹೌಸಾಬಾಯಿ ಒಳಗಿನಿಂದ ಇಣುಕಿ, ನಾನಾರ ಬಾಯಿ ಯಾವಾಗ ಇವರಿಗೆ ಬಂತು ಎಂದಳು. ಅವಳು ಸದಾ ಏನಾದರೂ ಅನ್ನುತ್ತಲೇ ಇರುತ್ತಾಳೆ. ನಾನೇನೂ ಹಾಗೆಲ್ಲ ಒರಟಾಗಿ ಮಾತಾಡುವವಳಲ್ಲ.